ಕಾಫಿ ನಾಡಿನ ಕರುಳು
ಸೋಮವಾರಪೇಟೆಯ ಸುತ್ತ ಕಾಫಿ ಬೆಳೆಯದ ಊರು ಅಪರೂಪ. ಆ ಕಾಫಿಗೆ ನಮ್ಮ ಕರುಳಿನೊಳಗೂ ಒಬ್ಬ ಗಿರಾಕಿ ಇದ್ದಾನೆಂದು 2024ರಲ್ಲಿ ‘ನೇಚರ್ ಮೈಕ್ರೋಬಯಾಲಜಿ’ ಪತ್ರಿಕೆಯ ಅಧ್ಯಯನವೊಂದು ತೋರಿಸಿತು. ಅಮೆರಿಕ, ಬ್ರಿಟನ್ನಿನ 22 ಸಾವಿರಕ್ಕೂ ಹೆಚ್ಚು ಜನರ ಮಲದ ಮಾದರಿ ಪರೀಕ್ಷಿಸಿದಾಗ, ಕಾಫಿ ಕುಡಿಯುವವರಲ್ಲಿ ಲಾಸನಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಹಲವು ಪಟ್ಟು ಹೆಚ್ಚಿತ್ತು. ಪ್ರಯೋಗಾಲಯದಲ್ಲಿ ಕಾಫಿ ಬೆರೆಸಿದಾಗಲೂ ಅದು ಚೆನ್ನಾಗಿ ಬೆಳೆಯಿತು, ಕೆಫೀನ್ ತೆಗೆದ ಕಾಫಿಯಾದರೂ ಸರಿಯೇ. ಇದರಿಂದ ಆರೋಗ್ಯಕ್ಕೆ ಲಾಭವಿದೆಯೆಂದು ಇನ್ನೂ ಸಾಬೀತಾಗಿಲ್ಲ. ನಾರಿನ ವಿಷಯ ಹಾಗಲ್ಲ. ಕೆಸುವಿನ ಸೊಪ್ಪು, ಮಳೆಗಾಲದ ಕಣಿಲೆ, ಹಲಸಿನ ಬೀಜಗಳಲ್ಲಿ ನಮಗೆ ಅರಗದೆ ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಹುದುಗಿಸಿ ಬ್ಯುಟಿರೇಟ್ ತಯಾರಿಸುತ್ತವೆ. ಅಲ್ಲಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ನನ್ನ ಆತಂಕವಿರುವುದು ಆಂಟಿಬಯೋಟಿಕ್ ಬಗ್ಗೆ. ಜಡಿಮಳೆಯ ತಿಂಗಳುಗಳಲ್ಲಿ ಮಕ್ಕಳ ನೆಗಡಿಗೆ ವೈದ್ಯರನ್ನು ಕೇಳದೆ ಕೊಟ್ಟ ಮಾತ್ರೆ ವೈರಸ್ಸನ್ನು ಮುಟ್ಟುವುದೇ ಇಲ್ಲ, ಕರುಳಿನ ಈ ಉಪಕಾರಿಗಳನ್ನು ಮಾತ್ರ ಕೊಲ್ಲುತ್ತದೆ. ಆಂಟಿಬಯೋಟಿಕ್‌ನಿಂದ ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯ ಹೆಚ್ಚಿಕೊಂಡರೆ ತೀವ್ರ ಭೇದಿ, ಕರುಳಿನ ಉರಿಯೂತ. ಅದು ಮತ್ತೆ ಮತ್ತೆ ಮರುಕಳಿಸಿದವರಿಗೆ ಈಗ ಆರೋಗ್ಯವಂತರ ಮಲದಲ್ಲಿನ ಬ್ಯಾಕ್ಟೀರಿಯಗಳನ್ನೇ ಕರುಳಿಗೆ ಸೇರಿಸಿ ಗುಣಪಡಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಇಂಥ ಮೊದಲ ಔಷಧಿಗೆ ಒಪ್ಪಿಗೆ ಕೊಟ್ಟರು.