ಕಂಪ್ಯೂಟರ್ ಲ್ಯಾಬಿಗೂ ಕನ್ನಡ ಬೇಕು

ಕೇರಳದಲ್ಲಿ 2025-26ನೇ ಸಾಲಿನಿಂದ ಹತ್ತನೇ ತರಗತಿಯ ಐಸಿಟಿ ವಿಷಯದಲ್ಲಿ ರೋಬೋಟಿಕ್ಸ್ ಪಾಠ ಸೇರಿದೆ. ಮಕ್ಕಳು ಸೆನ್ಸರ್, ಮೋಟರ್ ಜೋಡಿಸಿ, ಪ್ರೋಗ್ರಾಂ ಬರೆದು, ನಡೆಸಿ ನೋಡಬೇಕು. ಪಠ್ಯ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಒಳ್ಳೆಯ ಅವಕಾಶ. ಆದರೆ ಪುಸ್ತಕ ಕನ್ನಡದಲ್ಲಿದ್ದರೆ ಸಾಕೇ?

"ಕಂಪ್ಯೂಟರ್ ಕಲಿಯಲು ಇಂಗ್ಲಿಷ್ ಮಾಧ್ಯಮವೇ ಆಗಬೇಕು" ಎಂಬುದು ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸುವಾಗ ಹೆತ್ತವರು ಹೇಳುವ ಮಾತು. ಪೈಥಾನ್ ಭಾಷೆಯನ್ನೇ ನೋಡೋಣ. ಅದರ ಮೀಸಲು ಪದಗಳು ಒಟ್ಟು 35. ಇಫ್, ಎಲ್ಸ್, ಫಾರ್, ವೈಲ್ ಮುಂತಾದವು ಬಳಸುತ್ತ ಬಳಸುತ್ತ ರೂಢಿಯಾಗುತ್ತವೆ. ನಾವು ಇಡುವ ಹೆಸರುಗಳಂತೂ ಕನ್ನಡ ಲಿಪಿಯಲ್ಲೇ ಇರಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಇದಕ್ಕೆ ಅವಕಾಶವಿದೆ. 'ಬೆಲೆ', 'ತೂಕ' ಎಂದು ಹೆಸರಿಟ್ಟು ಗುಣಿಸಿದರೆ ಅಂಗಡಿ ಲೆಕ್ಕ ಸಿದ್ಧ.

ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸ: 'ಕನ್ನಡ' ಪದದ ಉದ್ದವೆಷ್ಟು ಎಂದು 'ಲೆನ್' ಬಳಸಿ ಕೇಳಿ. ನಮ್ಮ ಎಣಿಕೆಗೆ ಅಕ್ಷರ ಮೂರು. ಪೈಥಾನ್ ಹೇಳುವುದು 5. ಯೂನಿಕೋಡ್‌ನಲ್ಲಿ 'ನ್ನ' ಎಂಬ ಒತ್ತಕ್ಷರವೊಂದೇ ಮೂರು ಸಂಕೇತಗಳಾಗಿ ಕೂತಿರುತ್ತದೆ: ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ. ಕಂಪ್ಯೂಟರ್ ಅಕ್ಷರಗಳನ್ನು ಹೇಗೆ ಕಾಣುತ್ತದೆ ಎಂಬ ದೊಡ್ಡ ಪಾಠ ಒಂದೇ ಸಾಲಿನಲ್ಲಿ ಸಿಕ್ಕಿತು, ಅದೂ ನಮ್ಮ ಲಿಪಿಯಿಂದಲೇ.

ತೊಡಕಿರುವುದು ಬೇರೆ ಕಡೆ. ತಪ್ಪಾದಾಗ ಪರದೆಯ ಮೇಲೆ ಬರುವ ಸಂದೇಶ ಇಂಗ್ಲಿಷಿನದು. 'ನೇಮ್ ಎರರ್' ಬಂದರೆ "ಈ ಹೆಸರನ್ನು ನೀನು ಮೊದಲು ಹೇಳಿಲ್ಲ, ಕಾಗುಣಿತ ನೋಡು" ಎಂದು ಬಿಡಿಸಿ ಹೇಳುವವರು ಪಕ್ಕದಲ್ಲಿರಬೇಕು. ಪ್ರೋಗ್ರಾಂ ಕಲಿಯುವುದೆಂದರೆ ಬರೆದು, ತಪ್ಪಿ, ತಿದ್ದುವುದೇ ತಾನೇ? ತಿದ್ದುವ ಆ ಗಳಿಗೆಯಲ್ಲಿ ಮಗುವಿನ ಭಾಷೆ ಗೊತ್ತಿಲ್ಲದ ಶಿಕ್ಷಕರಿದ್ದರೆ ಕನ್ನಡ ಪುಸ್ತಕವಿದ್ದೂ ಕಲಿಕೆ ನಿಲ್ಲುತ್ತದೆ. ಆದ್ದರಿಂದ ಕನ್ನಡ ಬಲ್ಲ ಶಿಕ್ಷಕರು ಬೇಕೆಂಬ ನಮ್ಮ ಬೇಡಿಕೆಯಲ್ಲಿ ಕಂಪ್ಯೂಟರ್ ಲ್ಯಾಬಿನ ಹೆಸರೂ ಸೇರಬೇಕು.

ಸೊಲ್ಲಾಪುರ, ಜತ್ತ, ತಾಳವಾಡಿ, ಆದೋನಿ ಕಡೆಯವರೂ ಕಾಯುತ್ತ ಕೂರಬೇಕಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪುಟ್ಟ ಪಾಠಗಳು ಉಚಿತವಾಗಿ ಸಿಗುತ್ತವೆ. ಅರ್ಧ ಪರದೆಯಲ್ಲಿ ನೋಡುತ್ತ ಇನ್ನರ್ಧದಲ್ಲಿ ಮಾಡುತ್ತ ಹೋಗುವ ಕ್ರಮ. ನಮ್ಮ ಶಾಖೆಗಳು ಒಂದು ಹಳೆಯ ಲ್ಯಾಪ್‌ಟಾಪ್ ಹೊಂದಿಸಲಿ. ರಜೆಗೆ ಊರಿಗೆ ಬರುವ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ದಿನಕ್ಕೊಂದು ಗಂಟೆ ಮಕ್ಕಳ ಜೊತೆ ಕೂರಲಿ. ಪಾಠ ಮಾಡುವುದೇ ಬೇಡ, ತಪ್ಪು ಬಂದಾಗ ಕನ್ನಡದಲ್ಲಿ ಕಾರಣ ಹೇಳಿದರೆ ಸಾಕು.