ಕಡಲ ದಂಡೆಯಲ್ಲಿ ಒಂದು ಖಾಲಿ ದಿನ



ಚಳಿಗಾಲ ಬಂತೆಂದರೆ ನಮ್ಮ ಮಾನೇಸರಿನ ಕನ್ನಡದ ಮನೆಗಳಲ್ಲಿ ಮದುವೆಯ ಕರೆಯೋಲೆಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಓಡಾಡುತ್ತದೆ: "ಹೊಸ ಜೋಡಿ ಎಲ್ಲಿಗೆ ಹೋಗ್ತಾರಂತೆ?" ಹಿಂದೆಲ್ಲ ಉತ್ತರ ಶಿಮ್ಲಾ, ಮಸ್ಸೂರಿ ಎಂದಿರುತ್ತಿತ್ತು. ಈಗ ಬಾಲಿ, ಫುಕೆಟ್, ಮಾಲ್ಡೀವ್ಸ್. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅರಾವಳಿಯ ಒಣ ಗುಡ್ಡಗಳ ಪಕ್ಕದಲ್ಲಿ ಬೆಳೆದ ನಿಮಗೆ ಕಡಲೆಂದರೆ ರಜೆಯಲ್ಲಿ ಮಾತ್ರ ಕಾಣಸಿಗುವ ವಸ್ತು. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರೇ ಹೇಳಿದ್ದಾರೆ. ಧಾರಾಳವಾಗಿ ಹೋಗಿ ಬನ್ನಿ.

ನನ್ನ ತಕರಾರು ನೀವು ಹೋಗುವ ಊರಿನ ಬಗ್ಗೆ ಅಲ್ಲ, ಕೈಯಲ್ಲಿ ಹಿಡಿದ ಪಟ್ಟಿಯ ಬಗ್ಗೆ. ಬೆಳಿಗ್ಗೆ ಏಳಕ್ಕೆ ವ್ಯಾನು, ಒಂಬತ್ತಕ್ಕೆ ದೇವಸ್ಥಾನ, ಹನ್ನೊಂದಕ್ಕೆ ದೋಣಿ, ಮಧ್ಯಾಹ್ನ ಜಲಪಾತ, ಸಂಜೆ ಸೂರ್ಯಾಸ್ತದ ಮುಂದೆ ನಿಂತು ಫೋಟೋ, ರಾತ್ರಿ ಕುಣಿತ. ಮರುದಿನ ಮತ್ತೆ ಏಳಕ್ಕೆ ವ್ಯಾನು. ಇದಕ್ಕೂ ಕಾರ್ಖಾನೆಯ ಪಾಳಿಗೂ ಏನು ವ್ಯತ್ಯಾಸ, ನೀವೇ ಹೇಳಿ. ನಿಮ್ಮಲ್ಲಿ ಎಷ್ಟೋ ಜೋಡಿಗಳಲ್ಲಿ ಒಬ್ಬರಿಗೆ ಬೆಳಗಿನ ಪಾಳಿ, ಇನ್ನೊಬ್ಬರಿಗೆ ಸೈಬರ್ ಸಿಟಿಯಲ್ಲಿ ರಾತ್ರಿಯ ಕೆಲಸ. ಒಬ್ಬರು ಬಾಗಿಲು ತೆರೆಯುವಾಗ ಇನ್ನೊಬ್ಬರು ಬೂಟು ಹಾಕಿಕೊಳ್ಳುತ್ತಿರುತ್ತೀರಿ. ವರ್ಷಕ್ಕೆ ಒಮ್ಮೆ ಸಿಗುವ ಈ ಐದಾರು ದಿನವೂ ವ್ಯಾನಿನ ಹಿಂದೆ ಓಡಿದರೆ, ಇಬ್ಬರೂ ಕೂತು ಮಾತಾಡುವುದು ಯಾವಾಗ?

ಆದ್ದರಿಂದ ನನ್ನದೊಂದೇ ಸಲಹೆ. ಆರು ದಿನದ ಪ್ರವಾಸದಲ್ಲಿ ಒಂದು ದಿನವನ್ನು ಪೂರ್ತಿ ಖಾಲಿ ಬಿಡಿ.

ಇದು ಸೋಮಾರಿಗಳ ಮಾತೆಂದು ನಗಬೇಡಿ. ನೀವು ಆಸೆಪಟ್ಟು ಹೋಗುವ ಬಾಲಿಯಲ್ಲೇ ಇಡೀ ದ್ವೀಪ ವರ್ಷಕ್ಕೊಮ್ಮೆ ಹೀಗೆ ಸುಮ್ಮನಾಗುತ್ತದೆ. ಆ ದಿನದ ಹೆಸರು ನ್ಯೆಪಿ. ಬೆಂಕಿ, ದೀಪ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆಯಿಂದ ಹೊರಗೆ ಹೋಗುವಂತಿಲ್ಲ, ಮನರಂಜನೆಯೂ ಇಲ್ಲ. ವಿಮಾನ ನಿಲ್ದಾಣ ಕೂಡ 24 ಗಂಟೆ ಮುಚ್ಚಿರುತ್ತದೆ. ಪ್ರವಾಸಿಗರೂ ಹೋಟೆಲಿನ ಆವರಣ ದಾಟುವಂತಿಲ್ಲ. ಅದಕ್ಕೂ ಕೆಲವು ದಿನ ಮೊದಲು ಜನ ದೇವರ ಸಾಮಗ್ರಿಗಳನ್ನು ಮೆರವಣಿಗೆಯಲ್ಲಿ ಕಡಲಿಗೆ ತಂದು ಶುದ್ಧಿ ಮಾಡುತ್ತಾರೆ. ನ್ಯೆಪಿಯ ಮರುದಿನ ನೆಂಟರಿಷ್ಟರ ಮನೆಗೆ ಹೋಗಿ, ತಪ್ಪಿದ್ದರೆ ಕ್ಷಮಿಸಿ ಎಂದು ಕೇಳುವ ವಾಡಿಕೆಯಿದೆ.

ಇನ್ನೊಂದು ಸ್ವಾರಸ್ಯ ಕೇಳಿ. ನ್ಯೆಪಿ ಅವರ ಹೊಸ ವರ್ಷದ ದಿನ. ಅವರು ಎಣಿಸುವುದೂ ಶಕ ವರ್ಷವನ್ನೇ, ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ ಎಂದು ಬರೆಯುತ್ತಾರಲ್ಲ, ಅದೇ ಲೆಕ್ಕ. 2023ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಮಾರ್ಚ್ 22ರಂದೇ ಬಂದವು. ಇಬ್ಬರಿಗೂ ಅದು ಶಕ 1945. ಅಧಿಕ ಮಾಸದ ಲೆಕ್ಕ ಬೇರೆಯಾದ ವರ್ಷ ಒಂದು ತಿಂಗಳ ಅಂತರ ಬೀಳುವುದೂ ಉಂಟು. ನಾವು ಬೇವು ಬೆಲ್ಲ ತಿಂದು ಹೊಸ ವರ್ಷ ಮಾಡುತ್ತೇವೆ, ಅವರು ಸುಮ್ಮನಿದ್ದು ಮಾಡುತ್ತಾರೆ.

ಬಾಲಿಗೆ ಹೋಗುವಷ್ಟು ರಜೆಯೋ ಹಣವೋ ಇಲ್ಲದವರು ಬೇಸರಪಡಬೇಕಾಗಿಲ್ಲ. ಖಾಲಿ ದಿನಕ್ಕೆ ಪಾಸ್‌ಪೋರ್ಟ್ ಬೇಡ. ನಮ್ಮ ಕಾರವಾರವನ್ನೇ ನೋಡಿ. 1883ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದಿದ್ದರು. ಅವರ ಅಣ್ಣ, ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು, ಅಲ್ಲಿ ನ್ಯಾಯಾಧೀಶರಾಗಿದ್ದರು. ಕವಿಗೆ ಆಗ 22 ವರ್ಷ, ಅಂದರೆ ನಿಮ್ಮದೇ ವಯಸ್ಸು. ಒಂದು ಬೆಳದಿಂಗಳ ಸಂಜೆ ಎಲ್ಲರೂ ಸಣ್ಣ ಹಾಯಿದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದರು. ಶಿವಾಜಿಯ ಹಳೆಯ ಕೋಟೆಯೊಂದರ ಹತ್ತಿರ ಇಳಿದು, ಒಬ್ಬ ರೈತನ ಮನೆಯ ಗುಡಿಸಿದ ಅಂಗಳದಲ್ಲಿ ಕೂತು ಬುತ್ತಿ ಬಿಚ್ಚಿ ಉಂಡರು. ಹಿಂದಿರುಗುವಾಗ ದೋಣಿಯನ್ನು ನೀರಿನ ಹರಿವಿಗೇ ಬಿಟ್ಟರು. ನದಿ ಕಡಲು ಸೇರುವ ಅಳಿವೆಗೆ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಅಲ್ಲಿಂದ ಮರಳಿನ ಮೇಲೆ ನಡೆದೇ ಮನೆ ಸೇರಿದರು. ಇಷ್ಟೇ ಕಥೆ. ಆದರೆ ಸುಮಾರು ಮೂವತ್ತು ವರ್ಷ ಕಳೆದ ಮೇಲೆ ತಮ್ಮ ನೆನಪುಗಳನ್ನು ಬರೆಯುವಾಗ ಕವಿ ಆ ರಾತ್ರಿಯನ್ನು ಮರೆತಿರಲಿಲ್ಲ. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಅವರು ಬರೆದದ್ದೂ ಕಾರವಾರದಲ್ಲೇ. ಅದೇ ವರ್ಷ ಡಿಸೆಂಬರಿನಲ್ಲಿ ಅವರ ಮದುವೆಯಾಯಿತು. ಕಾರವಾರದ ಆ ದಂಡೆಗೆ ಇಂದು ಅವರದೇ ಹೆಸರು.

ಈಗ ಖಾಲಿ ದಿನವನ್ನು ಕಳೆಯುವ ಬಗೆ. ಮೊದಲು ದಿಕ್ಕು ನೋಡಿ. ಬಾಲಿಯ ಸಾನೂರ್ ದಂಡೆ ಪೂರ್ವಕ್ಕಿದೆ, ಅಲ್ಲಿ ಕಡಲಿನಿಂದ ಸೂರ್ಯ ಹುಟ್ಟುತ್ತಾನೆ. ಕೂಟಾ ಪಶ್ಚಿಮಕ್ಕಿದೆ, ಅಲ್ಲಿ ಮುಳುಗುತ್ತಾನೆ, ನಮ್ಮ ಕಾರವಾರದ ಹಾಗೆ. ಒಂದೇ ಜಾಗದಲ್ಲಿ ಕೂತು ಉಬ್ಬರ ಇಳಿತ ಗಮನಿಸಿ. ಬೆಳಿಗ್ಗೆ ನೀವು ಚಪ್ಪಲಿ ಬಿಟ್ಟ ಜಾಗಕ್ಕೆ ಮಧ್ಯಾಹ್ನ ನೀರು ಬಂದಿರುತ್ತದೆ. ನಾಳೆ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಏಕೆಂದರೆ ಕಡಲು ನಡೆಯುವುದು ಚಂದ್ರನ ಗಡಿಯಾರದ ಪ್ರಕಾರ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಸೊಸೈಟಿಯ ಈಜುಕೊಳದಲ್ಲಿ ಕಲಿತ ಈಜು ಕಡಲಿಗೆ ಸಾಲದು. ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಬೇಡಿ. ಫುಕೆಟ್‌ನ ಪಶ್ಚಿಮ ದಂಡೆಯಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಅಲೆಗಳ ಅಬ್ಬರ ಹೆಚ್ಚು. ನಮ್ಮ ಕರಾವಳಿಯಲ್ಲೂ ಮಳೆಗಾಲದ ಕಡಲು ಅಪಾಯದ್ದೇ. ಸೆಳವು ಒಳಕ್ಕೆ ಎಳೆದರೆ ದಡದ ಕಡೆಗೆ ನೇರವಾಗಿ ಹೋರಾಡಬೇಡಿ. ಅದರಲ್ಲೇ ಶಕ್ತಿ ಮುಗಿದು ಹೋಗುತ್ತದೆ. ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಸೆಳವಿನಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಿ.

ಮೊಬೈಲನ್ನು ಕೋಣೆಯಲ್ಲೇ ಬಿಟ್ಟು ಬನ್ನಿ. ಮೊದಲ ಒಂದು ಗಂಟೆ ಕೈ ಸುಮ್ಮನೆ ಇರುವುದಿಲ್ಲ, ಆಮೇಲೆ ಅಭ್ಯಾಸವಾಗುತ್ತದೆ. ಮಾನೇಸರಿನಲ್ಲಿ "ಆಮೇಲೆ ನೋಡೋಣ" ಎಂದು ಮುಂದೂಡಿದ ಮಾತುಗಳೆಲ್ಲ ಆಗ ತಾವಾಗಿಯೇ ಬರುತ್ತವೆ. ಊರಲ್ಲಿರುವ ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳುವುದೋ, ನಾವೇ ಅಲ್ಲಿಗೆ ಮರಳುವುದೋ? ಮನೆಯ ಸಾಲ ತೀರುವವರೆಗೆ ಇಬ್ಬರೂ ಇದೇ ಪಾಳಿಯಲ್ಲಿ ದುಡಿಯಬೇಕೇ? ನಾಳೆ ಮಗು ಹುಟ್ಟಿದರೆ ಅದರೊಡನೆ ಕನ್ನಡ ಮಾತಾಡುವವರು ಯಾರು? ಇವೆಲ್ಲ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ಮುಗಿಸುವ ಮಾತುಗಳಲ್ಲ. ಇವಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು, ಪಕ್ಕದಲ್ಲಿ ಅವಸರವಿಲ್ಲದ ಸಂಗಾತಿ ಬೇಕು. ಉತ್ತರ ಅಂದೇ ಸಿಗದಿದ್ದರೂ ಚಿಂತೆಯಿಲ್ಲ, ಮಾತು ಶುರುವಾದರೆ ಸಾಕು.

ಈ ಸಲ ಟ್ರಾವೆಲ್ಸ್‌ನವರು ಪಟ್ಟಿ ಕಳಿಸಿದಾಗ ಒಂದು ದಿನದ ಮೇಲೆ ಗೆರೆ ಎಳೆಯಿರಿ. "ಈ ದಿನ ಏನು ಬರೆಯಲಿ?" ಎಂದು ಅವರು ಕೇಳಿಯೇ ಕೇಳುತ್ತಾರೆ. "ಏನೂ ಇಲ್ಲ" ಎಂದು ಬರೆಸಿ.