ಮಾರುಕಟ್ಟೆ ಕುಸಿದಾಗ ಲಾಭ ಉಳಿಯುವುದೆಷ್ಟು? – ಅಶೋಕ್ ಲೇಲ್ಯಾಂಡ್ ಲೆಕ್ಕಪತ್ರದ ಪಾಠ

ಸಿಮೆಂಟು, ಉಕ್ಕು, ಅದಿರು, ಧಾನ್ಯ ಯಾವುದು ಸಾಗಬೇಕಾದರೂ ಲಾರಿ ಬೇಕು. ಸರಕು ಸಾಗಾಟ ತಗ್ಗುವ ಸೂಚನೆ ಕಂಡ ಕೂಡಲೇ ಹೊಸ ಲಾರಿಯ ಖರೀದಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದಲೇ ಭಾರೀ ವಾಹನಗಳ ಮಾರುಕಟ್ಟೆಯಲ್ಲಿ ಏರಿಳಿತಗಳು ತೀವ್ರ. ಇಂತಹ ಒಂದು ಇಳಿತವನ್ನು ದೊಡ್ಡ ತಯಾರಕ ಸಂಸ್ಥೆಯೊಂದು ಹೇಗೆ ದಾಟಿತು ಎಂಬುದನ್ನು ಅದರ ಲೆಕ್ಕಪತ್ರದಿಂದ ಅರಿಯುವುದು, ಅಂತಹ ಸಂಸ್ಥೆಗಳನ್ನು ನಂಬಿ ಬದುಕುವ ಸಣ್ಣ ಉದ್ದಿಮೆದಾರರಿಗೆ ಅತ್ಯಗತ್ಯ.

ಚೆನ್ನೈ ಮೂಲದ ಅಶೋಕ್ ಲೇಲ್ಯಾಂಡ್ 2018-19ರಲ್ಲಿ 1,97,366 ವಾಹನಗಳನ್ನು ಮಾರಾಟ ಮಾಡಿತು. ಅಂಗಸಂಸ್ಥೆಗಳನ್ನು ಬಿಟ್ಟು, ಆ ವರ್ಷದ ಅದರ ಆದಾಯ 29,055 ಕೋಟಿ ರೂ., ತೆರಿಗೆಯ ನಂತರದ ಲಾಭ 1,983 ಕೋಟಿ ರೂ. ಮರುವರ್ಷ, ಅಂದರೆ 2019-20ರಲ್ಲಿ, ಮಾರಾಟ 1,25,200 ವಾಹನಗಳಿಗೆ ಇಳಿಯಿತು. ಆದಾಯ 17,467 ಕೋಟಿ ರೂ., ಲಾಭ ಕೇವಲ 240 ಕೋಟಿ ರೂ. ಆದಾಯ ಶೇ 40ರಷ್ಟು ಕುಸಿದರೆ ಲಾಭ ಶೇ 88ರಷ್ಟು ಕುಸಿಯಿತು. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ಇಡೀ ಪಾಠ ಅಡಗಿದೆ.

ಕುಸಿತಕ್ಕೆ ಕಾರಣಗಳು

ಈ ಹಿಂಜರಿತವನ್ನು ಕೋವಿಡ್‌ನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಸರಿಯಲ್ಲ. ಕುಸಿತದ ಬೀಜಗಳು ಮೊದಲೇ ಬಿದ್ದಿದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ರಾಜ್ಯಗಳ ಗಡಿಗಳಲ್ಲಿದ್ದ ತೆರಿಗೆ ತಪಾಸಣಾ ಠಾಣೆಗಳು ತೆರವಾದವು. ಅದೇ ಲಾರಿ ತಿಂಗಳಿಗೆ ಹೆಚ್ಚು ಸುತ್ತು ತಿರುಗಲಾರಂಭಿಸಿತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ಮೂರು ಆಕ್ಸಲ್‌ಗಳ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು. ಹೀಗೆ ಒಂದೂ ಹೊಸ ಲಾರಿ ಕೊಳ್ಳದೆಯೇ ದೇಶದ ಸಾಗಾಟ ಸಾಮರ್ಥ್ಯ ಹೆಚ್ಚಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್ಎಸ್ ಸಂಸ್ಥೆ ಸಾಲ ಮರುಪಾವತಿಯಲ್ಲಿ ತಪ್ಪಿದ ಮೇಲೆ, ಲಾರಿ ಮಾಲೀಕರಿಗೆ ಸಾಲ ನೀಡುತ್ತಿದ್ದ ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಕೈ ಬಿಗಿಯಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾಗಲಿದ್ದುದರಿಂದ ಹಳೆಯ ಮಾದರಿಯ ದಾಸ್ತಾನನ್ನು ಕರಗಿಸುವ ಒತ್ತಡವೂ ಸೇರಿತು. ಪರಿಣಾಮವಾಗಿ, ದೇಶದಲ್ಲಿ ಮಧ್ಯಮ ಮತ್ತು ಭಾರೀ ವಾಣಿಜ್ಯ ವಾಹನಗಳ ಮಾರಾಟ 2018-19ರ ಸುಮಾರು 3.91 ಲಕ್ಷದಿಂದ 2019-20ರಲ್ಲಿ 2.24 ಲಕ್ಷಕ್ಕೆ ಕುಸಿಯಿತು.

2019ರ ಸೆಪ್ಟೆಂಬರ್‌ನಲ್ಲಿ ಅಶೋಕ್ ಲೇಲ್ಯಾಂಡ್ ತನ್ನ ಎಣ್ಣೂರು ಘಟಕವನ್ನು 16 ದಿನ, ಪಂತನಗರವನ್ನು 18 ದಿನ, ಅತ್ತಿಬೆಲೆ ಗಡಿಯಾಚೆಯ ಹೊಸೂರನ್ನು 5 ದಿನ ನಿಲ್ಲಿಸುವುದಾಗಿ ಪ್ರಕಟಿಸಿತು. ಕೋವಿಡ್ ಬಂದುದು ಇದರ ಮೇಲಿನ ಎರಡನೆಯ ಪೆಟ್ಟು. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಸಂಸ್ಥೆ ಮಾರಿದ್ದು 3,814 ವಾಹನಗಳು ಮಾತ್ರ. ನಷ್ಟ 389 ಕೋಟಿ ರೂ. ಆ ಪೂರ್ಣ ವರ್ಷದ ನಷ್ಟ 314 ಕೋಟಿ ರೂ.

ಸ್ಥಿರ ವೆಚ್ಚದ ಹೊರೆ

ಲಾಭವು ಮಾರಾಟಕ್ಕಿಂತ ವೇಗವಾಗಿ ಕುಸಿಯುವುದೇಕೆ? ಕಬ್ಬಿಣ, ಟೈರು, ಬಿಡಿಭಾಗಗಳ ವೆಚ್ಚ ಮಾರಾಟದೊಡನೆ ಇಳಿಯುತ್ತದೆ. ಸಂಬಳ, ಸವಕಳಿ, ಬಡ್ಡಿ ಹಾಗೆ ಇಳಿಯುವುದಿಲ್ಲ. ಸವಕಳಿ, ಬಡ್ಡಿಗಳನ್ನು ಕಳೆಯುವ ಮುನ್ನವೇ ಸಂಸ್ಥೆಯ ಕಾರ್ಯಾಚರಣೆ ಲಾಭದ ಪ್ರಮಾಣ 2018-19ರ ಶೇ 10.8ರಿಂದ ಶೇ 6.7ಕ್ಕೆ, 2020-21ರಲ್ಲಿ ಶೇ 3.5ಕ್ಕೆ ಇಳಿದಿತ್ತು.

ಈ ಲೆಕ್ಕ ಸಣ್ಣ ಘಟಕಕ್ಕೂ ಅನ್ವಯಿಸುತ್ತದೆ. ತಿಂಗಳಿಗೆ 10 ಲಕ್ಷ ರೂ. ವಹಿವಾಟಿರುವ ಬಿಡಿಭಾಗ ಘಟಕವೊಂದನ್ನು ಊಹಿಸಬಹುದು. ಕಚ್ಚಾವಸ್ತು, ವಿದ್ಯುತ್ತು ಮುಂತಾದ ಚರ ವೆಚ್ಚ 6.5 ಲಕ್ಷ, ಬಾಡಿಗೆ, ಸಂಬಳ, ಬಡ್ಡಿ, ಸವಕಳಿ ಸೇರಿ ಸ್ಥಿರ ವೆಚ್ಚ 2.8 ಲಕ್ಷ, ಲಾಭ 70 ಸಾವಿರ. ವಹಿವಾಟು 6 ಲಕ್ಷಕ್ಕೆ ಇಳಿದರೆ ಚರ ವೆಚ್ಚ 3.9 ಲಕ್ಷವಾಗಿ, ಉಳಿಯುವುದು 2.1 ಲಕ್ಷ. ಸ್ಥಿರ ವೆಚ್ಚವನ್ನು ಕಳೆದರೆ 70 ಸಾವಿರ ನಷ್ಟ. ಈ ಘಟಕಕ್ಕೆ ಲಾಭವೂ ನಷ್ಟವೂ ಇಲ್ಲದ ಮಟ್ಟ 8 ಲಕ್ಷ. ಅದನ್ನು 6 ಲಕ್ಷಕ್ಕೆ ಇಳಿಸಬೇಕಾದರೆ ಸ್ಥಿರ ವೆಚ್ಚ 2.1 ಲಕ್ಷ ಮೀರಬಾರದು. ಈ ಒಂದು ಸಂಖ್ಯೆಯನ್ನು ಬಲ್ಲ ಉದ್ದಿಮೆದಾರ ಹೊಸ ಯಂತ್ರಕ್ಕೆ ಸಾಲ ಮಾಡುವ ಮುನ್ನ ಎರಡು ಬಾರಿ ಯೋಚಿಸುತ್ತಾನೆ.

ಚೇತರಿಕೆಯ ಬಗೆ

ಕೆಟ್ಟ ವರ್ಷದಲ್ಲಿಯೂ ಸಂಸ್ಥೆ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಗಮನಿಸಬೇಕು. 2020ರ ಜೂನ್‌ನಲ್ಲಿ, ಸಾಮಾನ್ಯ ಭಾಗಗಳನ್ನು ಬೇರೆಬೇರೆ ರೀತಿಯಲ್ಲಿ ಜೋಡಿಸಿ ಹಲವು ಮಾದರಿಗಳನ್ನು ರೂಪಿಸುವ ‘ಎವಿಟಿಆರ್’ ಶ್ರೇಣಿಯನ್ನು ಅದು ಮಾರುಕಟ್ಟೆಗೆ ತಂದಿತು. ಸೆಪ್ಟೆಂಬರ್‌ನಲ್ಲಿ ಹಗುರ ವಾಹನಗಳ ವಿಭಾಗಕ್ಕೆ ‘ಬಡಾ ದೋಸ್ತ್’ ಬಂದಿತು. ಲಾಭ 2021-22ರಲ್ಲಿ 542 ಕೋಟಿ, 2022-23ರಲ್ಲಿ 1,380 ಕೋಟಿ, 2023-24ರಲ್ಲಿ 2,618 ಕೋಟಿ, 2024-25ರಲ್ಲಿ 3,303 ಕೋಟಿ ರೂ.ಗೆ ಏರಿತು. 2023-24ರಲ್ಲಿ ದೇಶದ ಮಧ್ಯಮ ಮತ್ತು ಭಾರೀ ವಾಹನಗಳ ಮಾರಾಟ ಇನ್ನೂ 2018-19ರ ಮಟ್ಟ ಮುಟ್ಟಿರಲಿಲ್ಲ. ಆದರೂ ಸಂಸ್ಥೆಯ ಕಾರ್ಯಾಚರಣೆ ಲಾಭ ಶೇ 12ಕ್ಕೆ ತಲುಪಿತ್ತು. ಮಾರುಕಟ್ಟೆ ಹಳೆಯ ಎತ್ತರಕ್ಕೆ ಮರಳುವ ಮುನ್ನವೇ ಲಾಭ ಹಳೆಯ ಎತ್ತರವನ್ನು ದಾಟಿತು. ಹಿಂಜರಿತದಲ್ಲಿ ಒಂದು ಸಂಸ್ಥೆಯ ಸಾಧನೆಯನ್ನು ಅಳೆಯಬೇಕಾದುದು ಆ ವರ್ಷದ ನಷ್ಟದಿಂದಲ್ಲ, ಈ ಬದಲಾವಣೆಯಿಂದ.

ಆದರೆ ದೊಡ್ಡ ಸಂಸ್ಥೆಗೆ ನಾಲ್ಕು ವರ್ಷ ಕಾಯುವ ಶಕ್ತಿ ಇರುತ್ತದೆ. ಬ್ಯಾಂಕುಗಳು ಅದರ ಬಾಗಿಲಿಗೇ ಬರುತ್ತವೆ. ಬೊಮ್ಮಸಂದ್ರ, ಪೀಣ್ಯ ಅಥವಾ ಬೆಳಗಾವಿಯ ಸಣ್ಣ ಘಟಕಕ್ಕೆ ನಾಲ್ಕು ತಿಂಗಳೂ ದೀರ್ಘವೇ. ತಯಾರಕನ ಘಟಕ ಐದು ದಿನ ನಿಂತರೆ ಬಿಡಿಭಾಗ ಪೂರೈಸುವವನ ಆದೇಶ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಕಾನೂನಿನ ಆಸರೆ ಇಲ್ಲವೆಂದಲ್ಲ. 2006ರ ಎಂಎಸ್ಎಂಇ ಅಭಿವೃದ್ಧಿ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2023ರ ಹಣಕಾಸು ಕಾಯಿದೆಯ ತಿದ್ದುಪಡಿಯಿಂದ, ಕಿರು ಮತ್ತು ಸಣ್ಣ ಘಟಕಗಳಿಗೆ ಗಡುವು ಮೀರಿ ಬಾಕಿ ಉಳಿಸಿದ ಮೊತ್ತವು ಖರೀದಿದಾರನಿಗೆ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ದೊರೆಯುತ್ತದೆ. ಆದರೆ ಉದ್ಯಮ್ ನೋಂದಣಿ ಇಲ್ಲದೆ ಈ ರಕ್ಷಣೆ ಪಡೆಯುವುದು ಕಷ್ಟ. ಬರೀ ವ್ಯಾಪಾರ ನಡೆಸುವವರಿಗೆ ಆ ನೋಂದಣಿಯ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ವಿಳಂಬ ಪಾವತಿಯ ರಕ್ಷಣೆ ಅವರಿಗೆ ಇಲ್ಲ. ಕಾನೂನು ಬಾಕಿಯನ್ನು ವಸೂಲು ಮಾಡಿಕೊಡಬಹುದು, ಇಲ್ಲದ ಆದೇಶವನ್ನು ತಂದುಕೊಡಲಾರದು.

ಆದುದರಿಂದ ಸಿದ್ಧತೆ ಆಗಬೇಕಾದುದು ಒಳ್ಳೆಯ ವರ್ಷಗಳಲ್ಲಿ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಇಂತಹ ಹೊತ್ತಿನಲ್ಲಿಯೇ ಹೊಸ ಶೆಡ್ಡು, ಹೊಸ ಯಂತ್ರ, ಹೊಸ ಸಾಲದ ಆಸೆ ಹುಟ್ಟುತ್ತದೆ. ವಿಸ್ತರಣೆ ತಪ್ಪಲ್ಲ. ಅದಕ್ಕೆ ಮುನ್ನ ವಹಿವಾಟು ಶೇ 40ರಷ್ಟು ಇಳಿದರೆ ಎಷ್ಟು ತಿಂಗಳು ಉಸಿರಾಡಬಹುದು, ಒಬ್ಬನೇ ಖರೀದಿದಾರನ ಮೇಲಿನ ಅವಲಂಬನೆ ಎಷ್ಟು, ಅವನ ಮಾಸಿಕ ಮಾರಾಟದ ದಿಕ್ಕು ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಾಗದದ ಮೇಲಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ.